ಕೈಯಿಟ್ಟದ್ದು ನನ್ನ ತಲೆಯ ಮೇಲೆ

ನನ್ನ ತಮ್ಮನನ್ನು ನಮ್ಮ ಮನೆಯಲ್ಲಿ ನಾಲ್ಕನೆಯ ವಯಸ್ಸಿನಿಂದ ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ‘ಬುದ್ಧೀ, ಚಡ್ಡಿ ಹಾಕ್ಕೊಳಿ.’ ‘ಬುದ್ಧೀ, ಮೂಗು ಒರೆಸ್ಕೊಳಿ.’ ‘ಬುದ್ಧೀ, ಬಳಪ ತಿನ್ಬೇಡಿ.’ ನಮ್ಮ ಕಡೆ ಮಠದ ಸ್ವಾಮಿಗಳನ್ನು ಬುದ್ಧಿ ಎಂದು ಕರೆಯುವುದು ವಾಡಿಕೆ. ಅವನಿಗಿಂತ ಎರಡು ವರ್ಷ ದೊಡ್ಡವಳಾದ ನಾನು ಮಾತ್ರ ‘ಬಾರೇ, ಹೋಗೇ, ಎಲ್ಲಿ ಹಾಳಾಗೋದೆ’. ಬೇರೆ ಮನೆಗಳಲ್ಲಿ ಗಂಡುಮಗನನ್ನು ತಲೆಯ ಮೇಲೆ ಕೂರಿಸಿಕೊಳ್ಳುತ್ತಾರೆ, ನಮ್ಮ ಮನೆಯಲ್ಲಿ ಪೀಠದ ಮೇಲೆ ಕೂರಿಸಿದ್ದರು. ಇಷ್ಟಕ್ಕೆಲ್ಲ ಕಾರಣ ನನ್ನ ತಲೆ. ಹೌದು, ನನ್ನದೇ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾವು ಮೈಸೂರಿನ ನಜರ್‌ಬಾದ್‌ನಲ್ಲಿದ್ದೆವು. ಅಪ್ಪನದು ಸ್ಟೀಲ್ ಪಾತ್ರೆ ಅಂಗಡಿ. ನನಗೂ ತಮ್ಮನಿಗೂ ಒಟ್ಟಿಗೇ ದಡಾರ ಬಂದು ಮಲಗಿದಾಗ, ಮಕ್ಕಳು ಎದ್ದು ಓಡಾಡಿದರೆ ನಂಜನಗೂಡಿನಲ್ಲಿ ಇಬ್ಬರ ಮುಡಿಯನ್ನೂ ಕೊಡುತ್ತೇನೆ ಎಂದು ಅಮ್ಮ ಹರಕೆ ಹೊತ್ತಳು. ನಾವು ಎದ್ದು ಓಡಾಡಿದೆವು. ಹೊಳೆಯ ದಂಡೆಯಲ್ಲಿ ನಮ್ಮಿಬ್ಬರನ್ನೂ ಸಾಲಾಗಿ ಕೂರಿಸಿ ನುಣ್ಣಗೆ ಬೋಳಿಸಿದರು. ಕ್ಷೌರದವರ ಕೈಯಲ್ಲಿ ತಮ್ಮ ಸುಮ್ಮನೆ ಕೂತಿದ್ದ, ನಾನು ಕೂರಲಿಲ್ಲ. ಹಾಗಾಗಿ ಎಡಗಿವಿಯ ಮೇಲ್ಗಡೆ ಕತ್ತಿ ತಗುಲಿ ರಕ್ತ ಬಂತು. ಅಮ್ಮ ಅದರ ಮೇಲೆ ಅರಿಸಿನ ಒತ್ತಿ, ಅರಿಸಿನದ ಮೇಲೆ ಗಂಧ ಬಳಿದಳು. ಆಮೇಲೆ ಕಪಿಲೆಯಲ್ಲಿ ನಮ್ಮನ್ನು ಮುಳುಗಿಸಿ ಎಬ್ಬಿಸುವಷ್ಟರಲ್ಲಿ ಮೆಟ್ಟಿಲ ಮೇಲಿದ್ದ ನನ್ನ ಹೊಸ ಫ್ರಾಕು ನೀರಿಗೆ ಜಾರಿ ಹೊರಟೇಹೋಯಿತು. ಅಮ್ಮ ತಮ್ಮನಿಗೆ ಎರಡು ಜೊತೆ ಬಟ್ಟೆ ತಂದಿದ್ದಳು, ನನಗೆ ಒಂದೇ ಜೊತೆ. ನೋಡಿ, ಆಗಲೇ ಈ ಕಥೆ. ಕೊನೆಗೆ ಅವನ ಇನ್ನೊಂದು ಚಡ್ಡಿ, ಇನ್ನೊಂದು ಅಂಗಿ ನನಗೆ ಬಂತು. ಅಂಗಿ ಹೊಕ್ಕುಳ ತನಕ ಇಳಿಯಲಿಲ್ಲ. ಗಂಧವನ್ನು ಮತ್ತೆ ಬಳಿದರು.

ಮೈಸೂರಿಗೆ ವಾಪಸು ಬರುವ ದಾರಿಯಲ್ಲಿ ಒಂದು ಸಣ್ಣ ಮಠ. ಅಪ್ಪನ ಮನೆತನದವರು ಮೊದಲಿಂದ ನಡೆದುಕೊಂಡು ಬಂದದ್ದು ಆ ಮಠಕ್ಕೇ. ಬಸ್ಸಿಳಿದು ಒಳಗೆ ಹೋದಾಗ ಜನ ಎರಡು ಸಾಲಾಗಿ ನಿಂತಿದ್ದರು. ಸ್ವಾಮಿಗಳು ನಡುವೆ ನಡೆದುಬರುತ್ತಿದ್ದರು. ಅಪ್ಪ ನಮ್ಮ ಹಿಂದೆ, ಕಂಬದ ಪಕ್ಕ, ಬಾಳೆಹಣ್ಣಿನ ಚೀಲ ಹಿಡಿದು ನಿಂತಿದ್ದರು. ಅಮ್ಮ ಮಧ್ಯೆ ನಿಂತು ನನ್ನನ್ನೂ ತಮ್ಮನನ್ನೂ ಒಂದೊಂದು ಕೈಯಲ್ಲಿ ಹಿಡಿದಿದ್ದಳು. ಸ್ವಾಮಿಗಳು ಬಂದರು, ನಿಂತರು, ನನ್ನ ತಲೆಯ ಮೇಲೆ ಕೈಯಿಟ್ಟರು. ಸರಿಯಾಗಿ ಗಾಯದ ಮೇಲೆ.

‘ಕೈ ತೆಗೀರಿ, ಉರೀತದೆ,’ ಎಂದೆ ನಾನು.

ಸ್ವಾಮಿಗಳು ನಕ್ಕರು. ‘ಇದು ನಮ್ಮ ಮಗು,’ ಎಂದು ಹೇಳಿ ಮುಂದಕ್ಕೆ ಹೋದರು.

ಹಿಂದೆ ನಿಂತಿದ್ದ ಅಪ್ಪನಿಗೆ ಕಂಡದ್ದು ಎರಡು ಬೋಳುತಲೆ, ಎರಡು ಚಡ್ಡಿ. ಕೇಳಿದ್ದು ‘ಇದು ನಮ್ಮ ಮಗು’ ಎಂಬುದೊಂದೇ ಮಾತು, ನಾನು ಬೈದದ್ದು ಅಲ್ಲಿನ ಗಂಟೆ ಸದ್ದಿನಲ್ಲಿ ಅವರಿಗೆ ಮುಟ್ಟಲಿಲ್ಲ. ಮಠಕ್ಕೆ ಮರಿಸ್ವಾಮಿಯಾಗಿ ಹೋಗುವುದು ಗಂಡುಮಕ್ಕಳು ತಾನೇ? ಅಪ್ಪ ಬಾಳೆಹಣ್ಣಿನ ಚೀಲವನ್ನು ಅಲ್ಲೇ ಬಿಟ್ಟು ಬಂದು ತಮ್ಮನ ಕಾಲಿಗೆ ಬಿದ್ದರು. ತಮ್ಮ ಹೆದರಿ ಚಡ್ಡಿಯಲ್ಲೇ ಒಂದು ಮಾಡಿಕೊಂಡ. ಅದನ್ನೂ ಅಪ್ಪ ಶುಭವೆಂದೇ ಎಣಿಸಿದರು.

‘ಅದು ನನ್ನ ತಲೆ ಅಪ್ಪಾ, ನನ್ನ ತಲೆ!’ ಎಂದು ನಾನು ಬಸ್ಸಿನಲ್ಲಿ ಊರು ಬರುವ ತನಕ ಕೂಗಿದೆ.

‘ಸುಮ್ನಿರೇ. ಹೆಣ್‌ಮಗು ತಲೆ ತಗೊಂಡು ಅವರೇನ್ ಮಾಡ್ತಾರೆ?’ ಎಂದರು ಅಪ್ಪ. ಅಮ್ಮನನ್ನು ಕೇಳಿದರೆ ‘ನಾನು ಸರಿಯಾಗಿ ನೋಡ್ಲಿಲ್ಲ ಕಣೆ,’ ಎಂದು ಕಿಟಕಿಯ ಹೊರಗೆ ಮುಖ ತಿರುಗಿಸಿಕೊಂಡಳು.

ಮರುದಿನದಿಂದ ಮನೆಯ ವ್ಯವಸ್ಥೆಯೇ ಬದಲಾಯಿತು. ಅಪ್ಪ ಅಂಗಡಿಯಿಂದ ಒಂದು ದೊಡ್ಡ ಅಂಚಿನ ತಟ್ಟೆ ತಂದರು. ಪಾತ್ರೆಯ ಮೇಲೆ ಹೆಸರು ಕೆತ್ತುವ ಮಿಷನ್ನು ಅವರ ಅಂಗಡಿಯಲ್ಲೇ ಇತ್ತು, ಮದುವೆ ಕಾಲದಲ್ಲಿ ದಿನವಿಡೀ ಗುರ್ರೆನ್ನುತ್ತಿತ್ತು. ಆದರೆ ಈ ತಟ್ಟೆಗೆ ಏನೆಂದು ಕೆತ್ತುವುದು? ಮಠಕ್ಕೆ ಹೋದರೆ ಹುಟ್ಟುಹೆಸರು ಹೋಗಿ ಬೇರೆ ಹೆಸರು ಬರುತ್ತದೆ. ಅದು ಏನೆಂದು ಯಾರಿಗೂ ಗೊತ್ತಿಲ್ಲ. ಅಪ್ಪ ಯೋಚನೆ ಮಾಡಿ ‘ಶ್ರೀ’ ಎಂದಷ್ಟೇ ಕೆತ್ತಿ, ಮುಂದೆ ಒಂದು ಗೇಣು ಜಾಗ ಖಾಲಿ ಬಿಟ್ಟರು. ಲೋಟದ ಮೇಲೂ ಶ್ರೀ, ಖಾಲಿ. ಟಿಫನ್ ಡಬ್ಬಿಯ ಮೇಲೂ ಶ್ರೀ, ಖಾಲಿ. ಶಾಲೆಯಲ್ಲಿ ಯಾರದೋ ಡಬ್ಬಿ ಕಳೆದುಹೋಗಿ ಹುಡುಕಿದಾಗ ಮೇಡಂ ತಮ್ಮನ ಡಬ್ಬಿ ಹಿಡಿದು ‘ಈ ಶ್ರೀ ಯಾರೋ?’ ಎಂದು ಕೇಳಿದರಂತೆ. ‘ಇನ್ನೂ ಗೊತ್ತಿಲ್ಲ ಮಿಸ್,’ ಎಂದನಂತೆ ನನ್ನ ತಮ್ಮ.

ಆ ತಟ್ಟೆಗೆ ದಿನಾ ತುಪ್ಪ ಬೀಳುತ್ತಿತ್ತು. ನನ್ನ ಬಾಲ್ಯವೆಂದರೆ ಆ ತುಪ್ಪ. ಅಮ್ಮ ಮನೆಯಲ್ಲೇ ಬೆಣ್ಣೆ ಕಾಯಿಸುತ್ತಿದ್ದಳು, ಘಮ ಮನೆಯವರಿಗೆಲ್ಲ ಸಮನಾಗಿ ಸಿಗುತ್ತಿತ್ತು. ಊಟಕ್ಕೆ ಕೂತಾಗ ಅಮ್ಮ ತುಪ್ಪದ ಮಿಳ್ಳೆ ಹಿಡಿದು ಬರುತ್ತಿದ್ದಳು. ತಮ್ಮನ ಅನ್ನದ ಮೇಲೆ ಮಿಳ್ಳೆ ಬಗ್ಗುತ್ತಿತ್ತು. ಪಕ್ಕದಲ್ಲೇ ಇದ್ದ ನನ್ನ ತಟ್ಟೆಯ ಹತ್ತಿರ ಬಂದಾಗ ನೆಟ್ಟಗಾಗಿ ಒಳಗೆ ಹೋಗಿಬಿಡುತ್ತಿತ್ತು. ನಾನು ಕೇಳುತ್ತಿರಲಿಲ್ಲ. ಕೇಳಿ ಹಾಕಿಸಿಕೊಳ್ಳುವ ತುಪ್ಪ ನನಗೆ ಬೇಕಿರಲಿಲ್ಲ. ಅಮ್ಮ ತಾನಾಗಿ ನನ್ನ ಅನ್ನದ ಮೇಲೆ ಒಂದು ಸಲ ಮಿಳ್ಳೆ ಬಗ್ಗಿಸಬೇಕು, ‘ಹೌದು ಕಣೆ, ಅದು ನಿನ್ನ ತಲೆ’ ಎಂದು ಒಂದು ಸಲ ಒಪ್ಪಿಕೊಳ್ಳಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ, ಆದರೆ ಬಹಳ ಬೇಕಾಗಿತ್ತು.

ತಮ್ಮ ಒಳ್ಳೆಯವನು, ಅದೇ ತೊಂದರೆ. ಅಮ್ಮ ಅತ್ತ ತಿರುಗಿದಾಗ ‘ಅಕ್ಕಾ, ತಟ್ಟೆ ಬದಲಾಯಿಸ್ಕೊಳಣ,’ ಎಂದು ಪಿಸುಗುಟ್ಟುತ್ತಿದ್ದ. ‘ನಿನ್ನ ತುಪ್ಪ ನೀನೇ ತಿನ್ನೋ ಬುದ್ಧಿ,’ ಎಂದು ನಾನು ಗೊಜ್ಜಿನಲ್ಲಿ ಅನ್ನ ಕಲಸಿಕೊಳ್ಳುತ್ತಿದ್ದೆ.

ಬೀದಿಯವರೂ ನಿಧಾನಕ್ಕೆ ನಂಬತೊಡಗಿದರು. ಅದಕ್ಕೆ ಒಂದು ಸೈಕಲ್ಲು ಕಾರಣ. ಎದುರು ಮನೆಯವರ ಸೈಕಲ್ ಕಳೆದುಹೋಗಿತ್ತು. ಅವರು ಅರ್ಧ ತಮಾಷೆಗೆ ನಮ್ಮ ಜಗುಲಿಗೆ ಬಂದು ‘ಬುದ್ಧೀ, ನಮ್ ಸೈಕಲ್ ಎಲ್ಲೋಯ್ತು, ತಮಗೇನಾದ್ರೂ ಕಾಣ್ತದಾ?’ ಎಂದರು. ತಮ್ಮ ಆ ಕಾಲದಲ್ಲಿ ಯಾರು ಏನು ಕೇಳಿದರೂ ‘ಝೂ’ ಎನ್ನುತ್ತಿದ್ದ. ಮನೆಯ ಹತ್ತಿರವೇ ಮೃಗಾಲಯವಿದ್ದರೂ ಯಾರೂ ಅವನನ್ನು ಕರೆದುಕೊಂಡು ಹೋಗುತ್ತಿರಲಿಲ್ಲ. ‘ಝೂ,’ ಎಂದ. ಅವರು ನಗುತ್ತಾ ಹೋಗಿ ನೋಡಿದರೆ ಸೈಕಲ್ ಮೃಗಾಲಯದ ಸ್ಟ್ಯಾಂಡಿನಲ್ಲೇ ಇತ್ತು. ಹಿಂದಿನ ಭಾನುವಾರ ನೆಂಟರ ಜೊತೆ ಹೋದವರು ಅಲ್ಲೇ ಮರೆತು, ಮಾತಾಡುತ್ತಾ ನಡೆದುಕೊಂಡು ಬಂದುಬಿಟ್ಟಿದ್ದರು. ಇದನ್ನು ಅವರು ಯಾರಿಗೂ ಹೇಳಲಿಲ್ಲ. ಸೈಕಲ್ ಸಿಕ್ಕಿತು ಎಂಬುದನ್ನು ಮಾತ್ರ ಎಲ್ಲರಿಗೂ ಹೇಳಿದರು. ಆಮೇಲೆ ಬೀದಿಯ ಹೆಂಗಸರು ಮಗಳ ಮದುವೆ, ಗಂಡನ ಟ್ರಾನ್ಸ್‌ಫರ್ ಎಲ್ಲದಕ್ಕೂ ಬಂದು ಕೇಳುವುದು, ಇವನು ‘ಝೂ’ ಎನ್ನುವುದು, ಅವರು ಕಾಯಿ, ಹಣ್ಣು ಇಟ್ಟು ಮೃಗಾಲಯಕ್ಕೆ ಹೋಗಿ ಬರುವುದು ನಡೆಯಿತು. ಒಬ್ಬ ಹೆಂಗಸಿಗೆ ಅಲ್ಲಿ ಜಿರಾಫೆಯ ಮುಂದೆ ನಿಂತಾಗ ಮನಸ್ಸಿಗೆ ಬಹಳ ಸಮಾಧಾನವಾಯಿತಂತೆ. ಪಾಪ, ತಮ್ಮನನ್ನು ಮಾತ್ರ ಯಾರೂ ಜೊತೆಯಲ್ಲಿ ಕರೆದುಕೊಂಡು ಹೋಗಲಿಲ್ಲ.

ದಸರಾ ಮೆರವಣಿಗೆಗೆ ಅಪ್ಪ ತಮ್ಮನನ್ನು ಹೆಗಲ ಮೇಲೆ ಹೊತ್ತು ನಿಲ್ಲುತ್ತಿದ್ದರು. ನಾನು ಜನರ ಕಾಲುಗಳ ಸಂದಿಯಿಂದ ನೋಡುತ್ತಿದ್ದೆ. ಅಂಬಾರಿಯನ್ನು ನಾನು ನೋಡಿದ್ದು ಟೀವಿಯಲ್ಲಿ. ಆದರೆ ಆನೆಯ ಕಾಲುಗಳ ಬಗ್ಗೆ ಏನೇ ಅನುಮಾನವಿದ್ದರೂ ನನ್ನನ್ನು ಕೇಳಬಹುದು.

ಸ್ವಲ್ಪ ದೊಡ್ಡವಳಾದ ಮೇಲೆ ನನಗೊಂದು ಉಪಾಯ ಹೊಳೆಯಿತು. ಗಾಯದ ಕಲೆ ನನ್ನ ತಲೆಯಲ್ಲಿ ಇದ್ದೇ ಇರಬೇಕು, ಕೂದಲು ಮುಚ್ಚಿಕೊಂಡಿದೆ, ಅಷ್ಟೇ. ಇನ್ನೊಂದು ಸಲ ಬೋಳಿಸಿದರೆ ಅಪ್ಪನ ಕಣ್ಣಿಗೆ ಹಿಡಿಯಬಹುದು. ಪರೀಕ್ಷೆಯಲ್ಲಿ ಪಾಸಾದರೆ ಮುಡಿ ಕೊಡುತ್ತೇನೆಂದು ನಂಜುಂಡೇಶ್ವರನಿಗೆ ಹರಕೆ ಹೊತ್ತಿದ್ದೇನೆ ಎಂದು ಮನೆಯಲ್ಲಿ ಘೋಷಿಸಿದೆ. ಪಾಸಾಗುವುದರಲ್ಲಿ ಅನುಮಾನವೇ ಇರಲಿಲ್ಲ, ಕ್ಲಾಸಿಗೆ ನಾನೇ ಮೊದಲು ಬರುತ್ತಿದ್ದೆ. ಅದನ್ನು ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ ಎನ್ನುವುದು ಬೇರೆ ಮಾತು. ತಮ್ಮ ಲೆಕ್ಕದಲ್ಲಿ ಫೇಲಾದಾಗ ಅಪ್ಪ ‘ಮಠಕ್ಕೆ ಹೋಗೋರಿಗೆ ಲೆಕ್ಕ ಯಾಕ್ರೀ?’ ಎಂದು ಮೇಷ್ಟ್ರನ್ನೇ ಗದರಿಸಿ ಬಂದಿದ್ದರು.

ಅಮ್ಮ ನನ್ನ ಹರಕೆಯ ಮಾತು ಕೇಳಿ ಬಿಳಿಚಿಕೊಂಡಳು. ದೇವರ ಸಾಲ ಇಟ್ಟುಕೊಳ್ಳುವ ಹಾಗಿಲ್ಲ, ವಯಸ್ಸಿಗೆ ಬರುತ್ತಿರುವ ಹುಡುಗಿಯನ್ನು ಬೋಳಿಸುವ ಹಾಗೂ ಇಲ್ಲ. ಯಾರನ್ನೋ ವಿಚಾರಿಸಿ, ಹೆಣ್ಣುಮಕ್ಕಳು ಮೂರು ಕತ್ತರಿ ಕೂದಲು ಕೊಟ್ಟರೆ ಸಾಕು ಎಂದು ತಿಳಿದುಕೊಂಡು ಬಂದಳು. ನಂಜನಗೂಡಿಗೆ ಕರೆದುಕೊಂಡು ಹೋಗಿ ನನ್ನ ಜಡೆಯ ತುದಿಯನ್ನು ಕಚಕ್ ಕಚಕ್ ಎಂದು ಕತ್ತರಿಸಿ ಹೊಳೆಗೆ ಬಿಟ್ಟರು. ತಲೆ ಹಾಗೇ ಉಳಿಯಿತು, ಕಲೆ ಕೂದಲೊಳಗೇ ಉಳಿಯಿತು. ಬರುವ ದಾರಿಯಲ್ಲಿ ಅಮ್ಮ ಯಾಕೋ ನನ್ನನ್ನು ತನ್ನ ಒತ್ತಿಗೆ ಎಳೆದುಕೊಂಡೇ ಕೂತಿದ್ದಳು. ಸೆಕೆಯಾಗುತ್ತದೆ, ಬಿಡು ಎಂದೆ ನಾನು.

ಎರಡು ಸಾವಿರ ಇಸವಿಯ ಹೊತ್ತಿಗೆ ಅಪ್ಪ ಶ್ರೀರಾಂಪುರದಲ್ಲಿ ಸೈಟು ತೆಗೆದುಕೊಂಡು ಮನೆ ಕಟ್ಟಿಸಿದರು. ಅದರಲ್ಲಿ ತಮ್ಮನಿಗೆ ಒಂದು ಪೂಜೆಯ ಕೋಣೆ, ನನಗೆ ಮೆಟ್ಟಿಲ ಕೆಳಗಿನ ಜಾಗ. ತಮ್ಮನಿಗೆ ಮೀಸೆ ಬಂದಿತ್ತು. ಒಂದು ಸಂಜೆ ಕಾಲೇಜಿನಿಂದ ಬರುವಾಗ ಬೇಕರಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ಎಗ್ ಪಫ್ಸ್ ತಿನ್ನುತ್ತಿದ್ದವನನ್ನು ನೋಡಿದೆ. ನಮ್ಮ ಮನೆಯಲ್ಲಿ ಮೊಟ್ಟೆ ಎಂಬ ಪದವನ್ನೂ ಜೋರಾಗಿ ಹೇಳುವ ಹಾಗಿರಲಿಲ್ಲ.

‘ಬುದ್ಧೀ, ಪ್ರಸಾದ ಆಯ್ತಾ?’ ಎಂದೆ.

ಅವನು ಬಾಯಿ ತುಂಬಾ ಇಟ್ಟುಕೊಂಡೇ ಕಣ್ಣಲ್ಲಿ ನೀರು ತಂದುಕೊಂಡ. ‘ಅಕ್ಕಾ, ನಂಗೆ ಮಠಕ್ಕೆ ಹೋಗಕ್ಕೆ ಇಷ್ಟ ಇಲ್ಲ ಕಣೆ. ಅವತ್ತು ನನ್ ತಲೆ ಮೇಲೆ ಯಾರೂ ಕೈ ಇಡ್ಲೇ ಇಲ್ಲ ಅಂತ ನಂಗೂ ಗೊತ್ತು. ಹೇಳಿದ್ರೆ ಅಪ್ಪ ಅತ್ತುಬುಡ್ತಾರೆ.’

ನನಗೆ ಒಂದು ಕ್ಷಣ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಅಷ್ಟು ವರ್ಷ ಗೊತ್ತಿದ್ದೂ ತುಪ್ಪ ತಿಂದನಲ್ಲ! ಮರುಕ್ಷಣ ಪಾಪ ಎನ್ನಿಸಿತು. ಅವನ ಕೈಯಿಂದ ಉಳಿದರ್ಧ ಪಫ್ಸ್ ಕಿತ್ತುಕೊಂಡು ನಾನೂ ತಿಂದೆ. ಅಂಥಾ ರುಚಿಯೇನೂ ಇರಲಿಲ್ಲ.

ಅವನು ಪಿಯುಸಿ ಮುಗಿಸಿದ ಬೇಸಗೆಯಲ್ಲಿ ಅಪ್ಪ ಇನ್ನು ತಡ ಮಾಡಬಾರದೆಂದು ಸ್ವಾಮಿಗಳನ್ನು ಮನೆಗೇ ಬಿನ್ನಹಕ್ಕೆ ಕರೆದರು. ಪಾದಪೂಜೆ ಮಾಡಿ, ಊಟಕ್ಕೆ ಕೂರಿಸಿ, ಮಗನನ್ನು ಒಪ್ಪಿಸಿಬಿಡುವುದು ಅವರ ಲೆಕ್ಕ. ಹೆಸರು ಗೊತ್ತಾದ ಕೂಡಲೇ ಶ್ರೀ ಮುಂದೆ ತುಂಬಿಬಿಡಬೇಕೆಂದು ಅಂಗಡಿಯ ಮಿಷನ್ನನ್ನೂ ಹೊತ್ತು ತಂದು ನಡುಮನೆಯಲ್ಲಿ ಪ್ಲಗ್ಗಿಗೆ ಹಾಕಿಟ್ಟಿದ್ದರು. ಸ್ವಾಮಿಗಳಿಗೆ ಬಹಳ ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು. ಒಬ್ಬರು ಕೈ ಹಿಡಿದು ಕರೆತಂದು ಕೂರಿಸಿದರು.

ಪೂಜೆಯಾದ ಮೇಲೆ ಅಪ್ಪ ತಮ್ಮನನ್ನು ಮುಂದೆ ತಂದು ಬಗ್ಗಿಸಿದರು. ‘ಬುದ್ಧೀ, ತಾವು ಅವತ್ತು “ಇದು ನಮ್ಮ ಮಗು” ಅಂತ ಅಪ್ಪಣೆ ಕೊಡಿಸಿದ್ರಿ. ಇಷ್ಟು ವರ್ಷ ಜೋಪಾನವಾಗಿ ಕಾಪಾಡಿದ್ದೀವಿ. ತಾವು ಒಪ್ಪಿಸ್ಕೋಬೇಕು.’

ಸ್ವಾಮಿಗಳು ಗಾಬರಿಯಾದರು. ‘ನಾವು ಎಲ್ಲಾ ಮಕ್ಕಳಿಗೂ ಹಾಗೇ ಅಂತೀವಲ್ಲಪ್ಪ. ಇನ್ನೇನ್ ಅನ್ನೋಕಾಗ್ತದೆ? ಎಲ್ಲಾರೂ ಹಿಂಗೇ ತಂದು ಒಪ್ಪಿಸಿದ್ರೆ ಮಠದಲ್ಲಿ ಜಾಗ ಎಲ್ಲಿದೆ?’

ಅಪ್ಪನ ಮುಖ ಇಳಿದುಹೋಯಿತು. ತಮ್ಮನ ಮುಖ ಅರಳಿತು. ಅಪ್ಪ ಬಿಡಲಿಲ್ಲ. ‘ಇಲ್ಲ ಬುದ್ಧೀ, ನಂಜನಗೂಡಲ್ಲಿ ಮುಡಿ ಕೊಟ್ಟು ಬಂದಿದ್ವಿ, ತಲೆ ತುಂಬಾ ಗಂಧ...’

ಸ್ವಾಮಿಗಳು ಹೆಬ್ಬೆರಳಿನಿಂದ ತಮ್ಮ ಅಂಗೈ ಸವರಿಕೊಂಡರು. ಆಮೇಲೆ ನಗತೊಡಗಿದರು. ‘ತಡಿ, ತಡಿ. ಒಂದು ಬೋಳುತಲೆ ಮಗು ನೆನಪದೆ. ಕೈಯಿಟ್ಟರೆ ಬೈತು ನಮಗೆ. “ಕೈ ತೆಗೀರಿ, ಉರೀತದೆ” ಅಂತು. ನಮ್ಮ ಅಂಗೈಗೆ ಗಂಧ, ರಕ್ತ ಎರಡೂ ಅಂಟಿತ್ತು. ಪೀಠಕ್ಕೆ ಬಂದಮೇಲೆ ನಮ್ಮನ್ನ ಕೈ ತೆಗಿ ಅಂದೋರು ಇನ್ಯಾರೂ ಇಲ್ಲ. ನೀನೇನಪ್ಪಾ ಅದು?’

‘ನಾನಲ್ಲ ಬುದ್ಧೀ,’ ಎಂದ ತಮ್ಮ, ಜೀವ ಬಂದವನ ಹಾಗೆ. ‘ಅಕ್ಕ. ಅಲ್ನೋಡಿ, ಬಾಗಿಲಲ್ಲಿ ನಿಂತವ್ಳೆ.’

ನಾನು ಪಾಯಸದ ಬೋಗುಣಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಮನೆ ತುಂಬಾ ನೆಂಟರು, ಎಲ್ಲರ ಮುಖವೂ ಒಟ್ಟಿಗೇ ನನ್ನ ಕಡೆ ತಿರುಗಿತು. ನನ್ನ ಜನ್ಮದಲ್ಲಿ ಅಷ್ಟು ಜನ ಒಟ್ಟಿಗೆ ನನ್ನನ್ನು ನೋಡಿದ್ದು ಅದೇ ಮೊದಲು.

‘ಬಾ ತಾಯಿ,’ ಎಂದರು ಸ್ವಾಮಿಗಳು, ನಾನು ಇಲ್ಲದ ದಿಕ್ಕಿಗೆ ನೋಡುತ್ತಾ. ‘ಈಗ್ಲೂ ಉರೀತದಾ?’

‘ಉರೀತದೆ ಬುದ್ಧೀ,’ ಎಂದೆ.

ಅವರು ಇನ್ನೂ ಜೋರಾಗಿ ನಕ್ಕರು. ಅಪ್ಪ ಮಾತ್ರ ನನ್ನನ್ನೇ ಬಾಯಿ ತೆರೆದು ನೋಡುತ್ತಿದ್ದರು. ‘ಹಂಗಾದ್ರೆ ಬುದ್ಧೀ, ಇವಳನ್ನೇ...’ ಎಂದು ಶುರು ಮಾಡಿದ್ದೇ ತಡ, ಸ್ವಾಮಿಗಳು ‘ಊಟಕ್ಕೆ ಬಡಿಸಿಬುಡ್ರಪ್ಪ, ನಮಗೆ ಮಾತ್ರೆ ತಗೊಳೋ ಹೊತ್ತಾಯ್ತು,’ ಎಂದು ಎದ್ದೇಬಿಟ್ಟರು. ಪ್ಲಗ್ಗಿಗೆ ಹಾಕಿದ್ದ ಮಿಷನ್ನು ಯಾರದೋ ಕಾಲು ತಗುಲಿ ಗುರ್ರೆಂದಿತು. ಯಾರೂ ಆರಿಸಲು ಹೋಗಲಿಲ್ಲ.

ಸ್ವಾಮಿಗಳು, ನೆಂಟರು ಎಲ್ಲರೂ ಹೋದಮೇಲೆ ನಾನು ಅಡುಗೆಮನೆಗೆ ಹೋದೆ. ಅಮ್ಮ ನನಗೆ ಬೆನ್ನು ಹಾಕಿ ಉಳಿದ ಅನ್ನವನ್ನು ಪಾತ್ರೆಗೆ ತೋಡುತ್ತಿದ್ದಳು.

‘ಕೇಳಿಸ್ತಾ? ಅದು ನನ್ನ ತಲೆ,’ ಎಂದೆ.

‘ನಿನ್ನ ಕೈ ಹಿಡ್ಕೊಂಡಿದ್ದೋಳು ನಾನಲ್ವೇನೇ? ನಂಗೊತ್ತಿಲ್ವಾ?’ ಎಂದಳು ಅಮ್ಮ, ತಿರುಗದೆ.

‘ಗೊತ್ತಿತ್ತಾ? ಮತ್ಯಾಕಮ್ಮ ಹೇಳ್ಲಿಲ್ಲ?’

‘ಹೇಳಿದ್ರೆ ನಿಮ್ಮಪ್ಪ ನಿನ್ನ ಯಾವ್ದಾದ್ರೂ ಆಶ್ರಮಕ್ಕೆ ಬುಟ್ಟು ಬಂದ್ಬುಡೋರು. ಅವರ ಭಕ್ತಿ ಎಂಥದ್ದು ಅಂತ ಈಗ ನೋಡ್ಲಿಲ್ವಾ? ನೀನೂ ಅಷ್ಟೇ, ಹಟಮಾರಿ, ಹೊರಟೇಬುಡ್ತಿದ್ದೆ. ಅವರಾಗೇ ಮಗ ಅಂದ್ಕೊಂಡ್ರು. ಅಂದ್ಕೊಳ್ಲಿ ಅಂತ ಸುಮ್ಗಾದೆ.’

‘ಅವನನ್ನಾದ್ರೆ ಕೊಡಬೋದಿತ್ತಾ?’

ಅಮ್ಮ ಸೌಟು ಕೆಳಗಿಟ್ಟಳು. ‘ಅದಕ್ಕೇ ಕಣೆ ಅವನಿಗೆ ತುಪ್ಪ ಹಾಕಿದ್ದು. ಇವತ್ತಲ್ಲ ನಾಳೆ ಮನೆ ಬುಟ್ಟು ಹೋಗೋ ಮಗು, ಇರೋ ತನಕ ತಿನ್ಲಿ ಅಂತ. ಹೋಗೋರಿಗೆ ಉಪಚಾರ ಮಾಡ್ಬೇಕು. ನೀನು ನನ್ನ ಹತ್ರ ಇರೋಳು, ನಿಂಗೇನು ಉಪಚಾರ?’

ನನಗೆ ಬಹಳ ಸಿಟ್ಟು ಬಂತು, ಅದಕ್ಕಿಂತ ಜಾಸ್ತಿ ಅಳು ಬಂತು. ನನ್ನನ್ನು ಉಳಿಸಿಕೊಳ್ಳಲೆಂದೇ ಅಷ್ಟೂ ವರ್ಷ ನನ್ನನ್ನು ಒಣ ಅನ್ನದಲ್ಲಿ ಕೂರಿಸಿದ್ದಳು. ಅಮ್ಮ ಹತ್ತಿರ ಬಂದು ನನ್ನ ತಲೆಗೆ ಕೈಹಾಕಿದಳು. ಕೂದಲು ದಟ್ಟವಾಗಿತ್ತು, ಹೂ ಬೇರೆ ಮುಡಿದಿದ್ದೆ. ಅವಳ ಬೆರಳು ಹುಡುಕಲಿಲ್ಲ, ತಡವರಿಸಲಿಲ್ಲ, ಎಡಗಿವಿಯ ಮೇಲಿನ ಆ ಕಲೆಗೆ ನೇರವಾಗಿ ಹೋಗಿ ನಿಂತಿತು. ನನಗೇ ಅದು ಎಲ್ಲಿದೆಯೆಂದು ಅಷ್ಟು ಸರಿಯಾಗಿ ಗೊತ್ತಿರಲಿಲ್ಲ.

‘ಕೂತ್ಕೋ, ಊಟ ಮಾಡು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು,’ ಎಂದಳು.

ತಮ್ಮ ಆಗಲೇ ಬಂದು ಮಾಮೂಲಿ ತಟ್ಟೆಯೊಂದನ್ನು ತೆಗೆದುಕೊಂಡು ಕೂತಿದ್ದ. ‘ಬುದ್ಧೀ, ಇನ್ನೊಂದ್ ಸ್ವಲ್ಪ ಅನ್ನ ಹಾಕ್ಲಾ?’ ಎಂದು ಅಮ್ಮ ಅಭ್ಯಾಸಬಲದಿಂದ ಕೇಳಿದಳು. ನನ್ನ ಮುಂದೆ ಇಟ್ಟದ್ದು ಆ ಶ್ರೀ ತಟ್ಟೆ. ಮುಂದಿನ ಖಾಲಿ ಜಾಗ ತೊಳೆದು ತೊಳೆದು ಹೊಳೆಯುತ್ತಿತ್ತು. ಅನ್ನ ಬಡಿಸಿದಳು, ಸಾರು ಬಡಿಸಿದಳು, ಒಳಗೆ ಹೋಗಿ ಮಿಳ್ಳೆ ಹಿಡಿದು ಬಂದಳು. ತಮ್ಮನ ಮುಂದೆ ಅದು ನೆಟ್ಟಗೇ ಇತ್ತು. ಅವನನ್ನು ದಾಟಿ ನನ್ನ ಹತ್ತಿರ ಬಂತು.

ನಾನು ಮಿಳ್ಳೆಯನ್ನು ನೋಡಿದೆ, ಅಮ್ಮನ ಮುಖ ನೋಡಿದೆ. ಈಗಷ್ಟೇ ಅವಳು ಹೇಳಿದ ಮಾತು ಕಿವಿಯಲ್ಲೇ ಇತ್ತು. ಎರಡೂ ಕೈಯನ್ನು ತಟ್ಟೆಯ ಮೇಲೆ ಅಡ್ಡ ಹಿಡಿದೆ.

‘ನನ್ನ ಎಲ್ಲಿಗಮ್ಮ ಕಳಿಸ್ತಿದ್ದೀಯಾ?’

ಅಮ್ಮ ನನ್ನ ಕಣ್ಣು ತಪ್ಪಿಸಿದಳು. ‘ಕೆಸರೆ ಕಡೆಯೋರು. ಒಳ್ಳೇ ಜನ ಕಣಮ್ಮ. ಭಾನುವಾರ ನೋಡಕ್ಕೆ ಬರ್ತಾರೆ,’ ಎಂದಳು. ಹಾಗೆ ಹೇಳುತ್ತಲೇ ಮಿಳ್ಳೆ ಬಗ್ಗಿಸಿದಳು. ನಾನು ಕೈ ತೆಗೆಯಲಿಲ್ಲ. ಬೆರಳ ಸಂದಿಯಿಂದ ಇಳಿದು ತುಪ್ಪ ಅನ್ನದ ಮೇಲೆ ಬಿತ್ತು.